ಕೊಬ್ಬರಿ ಕೇಳುವ ಕಿವಿಗೆ ಪರೀಕ್ಷೆ

ಕಣ್ಣೆದುರಿಗೇ ಇರುವುದನ್ನು ತಿಳಿಯಲು ಏಣಿ ಹತ್ತುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನನ್ನ ಮಗಳು ಸ್ಫೂರ್ತಿಯ ಏಳನೇ ತರಗತಿಯ ವಿಜ್ಞಾನ ಪುಸ್ತಕ ಅಂಥದ್ದೇ ಒಂದು ಏಣಿ. ಮೊದಲು ಪ್ರಶ್ನೆ ಕೇಳಬೇಕಂತೆ, ಆಮೇಲೆ ಊಹೆ ಮಾಡಬೇಕಂತೆ, ಪ್ರಯೋಗ ಮಾಡಿ ಕಂಡದ್ದನ್ನು ಕಂಡ ಹಾಗೇ ಬರೆದುಕೊಳ್ಳಬೇಕಂತೆ, ತೀರ್ಮಾನ ಎಲ್ಲಕ್ಕಿಂತ ಕೊನೆಗಂತೆ. ಇದನ್ನು ಕಲಿಸುವ ಮೇಷ್ಟ್ರನ್ನು ನಾನು ಬಲ್ಲೆ. ಸಂತೆಯಲ್ಲಿ ಹೇಳಿದ ರೇಟಿಗೇ ಬದನೆಕಾಯಿ ಕೊಂಡು, ಮೇಲೆ ಥ್ಯಾಂಕ್ಸ್ ಬೇರೆ ಹೇಳುವ ಆಸಾಮಿ. ಅವರ ಲೆಕ್ಕದಲ್ಲಿ ವ್ಯಾಪಾರ ಮಾಡಿದ್ದರೆ ನಾನು ಇನ್ನೂ ಕಿಬ್ಬನಹಳ್ಳಿಯ ಬಸ್ಸುಗಳ ಪಕ್ಕ ಎಳನೀರು ಕೊಚ್ಚುತ್ತಿರುತ್ತಿದ್ದೆ. ವ್ಯಾಪಾರದಲ್ಲಿ ತೀರ್ಮಾನ ಮೊದಲು. ಕಾರಣ ಆಮೇಲೆ ಹುಡುಕಿದರೆ ಸಿಗುತ್ತದೆ. ಹೊಸದಾಗಿ ಇಳಿಯುವವರು ಈ ಬುದ್ಧಿಮಾತನ್ನು ಪುಕ್ಕಟೆಯಾಗಿ ಇಟ್ಟುಕೊಳ್ಳಬಹುದು.

ಕೊಬ್ಬರಿ ವ್ಯಾಪಾರದಲ್ಲಿ ನನ್ನ ಬಂಡವಾಳ ನನ್ನ ಕಿವಿ. ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಚೆನ್ನಾಗಿದೆಯೋ, ಕೌಟು ಹಿಡಿದು ಕೆಟ್ಟಿದೆಯೋ ಹೇಳಿಬಿಡುತ್ತೇನೆ. ಈ ಕಿವಿ ನೊಣವಿನಕೆರೆಯ ನನ್ನ ಭಾವಮೈದುನ ಲೋಕೇಶನ ಕಾಯನ್ನು ಒಮ್ಮೆಯೂ ಪಾಸು ಮಾಡಿಲ್ಲ. ಅವನು ಮಾರಲು ತರುವುದು, ನಾನು ಅಲ್ಲಾಡಿಸಿ ಮುಖ ಸಿಂಡರಿಸುವುದು, ಅವನು ಚೀಲ ಹೊತ್ತು ವಾಪಸ್ ಹೋಗುವುದು, ಆಮೇಲೆ ನನ್ನ ಹೆಂಡತಿ ಮಂಜುಳ ವಾರವೆಲ್ಲ ನನ್ನ ತಟ್ಟೆಯನ್ನು ಠಣ್ಣನೆ ಕುಕ್ಕುವುದು ನಮ್ಮ ಮನೆಯ ಸಂಪ್ರದಾಯ. ಈ ವರ್ಷ ಅವಳು ಮೊದಲೇ ಎಚ್ಚರಿಸಿದ್ದಳು: "ಭಾನುವಾರ ನನ್ನ ತಮ್ಮನ್ನ ಹಂಗೇ ಕಳ್ಸಿದ್ರೆ ನಾನೂ ಅವನ ಜೊತೇಲೇ ಬಸ್ ಹತ್ತೀನಿ ಕಣ್ರೀ."

ಅದೇ ವಾರ ಮೇಷ್ಟ್ರು, ಮನೆಯಲ್ಲಿ ಎಲ್ಲರೂ ನಂಬಿರುವ ಒಂದು ಸಂಗತಿಯನ್ನು ಪರೀಕ್ಷೆ ಮಾಡಿ ಬನ್ನಿ ಎಂದಿದ್ದರಂತೆ. ನನ್ನ ಮಗಳು ಹಲ್ಲಿ ಶಕುನ ಬಿಟ್ಟಳು, ಅಡ್ಡ ಬಂದ ಬೆಕ್ಕು ಬಿಟ್ಟಳು, ನೇರವಾಗಿ ನನ್ನ ಕಿವಿಗೇ ಬಂದಳು.

ಶನಿವಾರ ಜಗಲಿಯಲ್ಲಿ ಕೂರಿಸಿ ಒಂದು ಕಾಯಿ ಕೊಟ್ಟು, "ಇದು ನಮ್ಮ ಅಟ್ಟದ್ದಪ್ಪ" ಎಂದಳು. ಅಲ್ಲಾಡಿಸಿದೆ. ಆಹಾ, ದೇವಸ್ಥಾನದ ಗಂಟೆ! "ಫಸ್ಟ್ ಕ್ಲಾಸ್" ಎಂದೆ. ಒಳಗೆ ಹೋಗಿ ಬಂದು, "ಇದು ಲೋಕೇಶ ಮಾಮ ಕಳ್ಸಿರೋ ಸ್ಯಾಂಪಲ್ಲು" ಎಂದಳು. ಕಾಯಿ ಕಿವಿ ತಲುಪುವ ಮೊದಲೇ ನನ್ನ ಮೂಗು ಸೊಟ್ಟಗಾಯಿತು. "ಥೂ, ಕೌಟು. ಆ ಮನೇಲಿ ಹೊಗೆ ಹತ್ತಿ ಅಟ್ಟದ ಕಾಯಿ ಒಣಗೋ ಹಂಗೆ ಒಲೆ ಉರ್ಸಕ್ಕೂ ಯಾರಿಗೂ ಬರಲ್ಲ" ಎಂದೆ. ಆ ಮನೆಯಲ್ಲಿ ಹುಟ್ಟಿ ಬೆಳೆದ ಮಂಜುಳ ಬಾಗಿಲಲ್ಲೇ ನಿಂತಿದ್ದಳು.

"ಅಪ್ಪ, ಎರಡು ಸಲ ಕೊಟ್ಟಿದ್ದೂ ಒಂದೇ ಕಾಯಿ" ಎಂದಳು ಮಗಳು.

ನಾನು ಸುಲಭಕ್ಕೆ ಬಗ್ಗುವವನಲ್ಲ. ಮೊದಲು ಹೇಳಿದ ರೇಟಿಗೇ ಒಪ್ಪುವವನು ದಡ್ಡ, ಹೇಳಿದ್ದು ಪ್ರಕೃತಿಯೇ ಆಗಿರಲಿ. "ಒಂದು ಕಾಯಲ್ಲಿ ಏನ್ ಗೊತ್ತಾಯ್ತದೆ? ಇನ್ನೊಂದಷ್ಟು ತಗಂಬಾ. ಯಾರದ್ದು ಅಂತ ಹೇಳ್ಬ್ಯಾಡ. ನಾನು ಹೇಳಿದ್ಮೇಲೆ ಒಡೆದೇ ನೋಡಾನ" ಎಂದು ಗುಡುಗಿದೆ.

ಹುಡುಗಿ ಹಿಗ್ಗಿ ಹೀರೇಕಾಯಾದಳು. "ಅಯ್ಯೋ, ನಮ್ ಮೇಷ್ಟ್ರು ಹೇಳಿದ್ದೂ ಅದನ್ನೇ ಕಣಪ್ಪ!"

ವಿಜ್ಞಾನವನ್ನು ಬೈಯುತ್ತಲೇ ಅದಕ್ಕೆ ಏಣಿ ಹಿಡಿದುಕೊಟ್ಟ ಭೂಪ ನಾನೊಬ್ಬನೇ ಇರಬೇಕು. ನಮ್ಮ ಅಟ್ಟದ ಕಾಯಿಗೆ ಲೋಕೇಶ ನಿಜವಾಗಿಯೂ ಕಳಿಸಿದ್ದ ಸ್ಯಾಂಪಲ್ಲುಗಳನ್ನು ಬೆರೆಸಿ ಅವಳು ಒಂದೊಂದೇ ಕೊಟ್ಟಳು, ನಾನು ಅಲ್ಲಾಡಿಸಿ ತೀರ್ಪು ಕೊಟ್ಟೆ. ಕಾಯಿ ಒಡೆದಾಗ, ನಾನು ಹೊಗಳಿದ್ದರಲ್ಲಿ ಕೆಲವು ನಾಯಿಯೂ ಮೂಸದಂತಿದ್ದವು. ಅವು ನಮ್ಮ ಅಟ್ಟದವು. ಬೈದವುಗಳಲ್ಲಿ ಲೋಕೇಶನವು ಬೆಳ್ಳಗೆ ಹಲ್ಲು ಕಿರಿದವು. "ಅರ್ಧಕ್ಕರ್ಧ ಸರಿ ಅಂತ ಬರ್ಕೋ. ನಿಂದೂ ಬ್ಯಾಡ, ನಂದೂ ಬ್ಯಾಡ" ಎಂದು ರಾಜಿಗೆ ಕರೆದೆ. "ಇದ್ರಲ್ಲಿ ಚೌಕಾಸಿ ಇಲ್ಲಪ್ಪ" ಎಂದು ಅವಳು ತೀರ್ಮಾನ ಬರೆದಳು: ಅಪ್ಪನ ಕಿವಿಗೆ ಕಾಯಿಯ ಸದ್ದು ಕೇಳುವುದಿಲ್ಲ, ಕಾಯಿ ತಂದವರ ಹೆಸರು ಕೇಳುತ್ತದೆ.

ಭಾನುವಾರ ಲೋಕೇಶ ಚೀಲ ಹೊತ್ತು ಬಾಗಿಲಿಗೆ ಬಂದ. ಮಂಜುಳ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಳು. ನಾನು ಟವೆಲಿನಿಂದ ಕಣ್ಣು ಕಟ್ಟಿಕೊಂಡು, ಕೈ ಚಾಚಿ, "ಒಂದ್ ಕಾಯಿ ಕೊಡು ಕಣ್ಲಾ ಲೋಕೇಶ. ಆದ್ರೆ ಯಾರದ್ದು ಅಂತ ಮಾತ್ರ ಹೇಳ್ಬ್ಯಾಡ" ಎಂದೆ.

ಚೀಲ ಧೊಪ್ಪನೆ ನೆಲಕ್ಕಿಳಿದ ಸದ್ದಾಯಿತು. ಆಮೇಲೆ ಲೋಕೇಶ ಪಿಸುಗುಟ್ಟಿದ್ದು ಕೇಳಿಸಿತು: "ಅಕ್ಕ, ಭಾವಂಗೆ ಏನಾಗೈತೆ?"

"ವಿಜ್ಞಾನ ಆಗೈತೆ ಕಣ್ಲಾ" ಎಂದಳು ಮಂಜುಳ. ಅವಳು ಚಪ್ಪಲಿ ಬಿಟ್ಟ ಸದ್ದೂ ಕೇಳಿಸಿತು. ಅಷ್ಟರಮಟ್ಟಿಗೆ ನನ್ನ ಕಿವಿ ಈಗಲೂ ಗಟ್ಟಿ.