ಎರವಲು ತಂದ ಸೊಂಟನೋವು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡಾಕ್ಟರಾಗಲು ಓದುತ್ತಿರುವ ಒಂದಷ್ಟು ಬುದ್ಧಿವಂತ ಮಕ್ಕಳಿಗೆ ಸೊಂಟನೋವಿನ ವಿಷಯದಲ್ಲಿ ತಪ್ಪು ಪಾಠ ಹೇಳಿಕೊಟ್ಟವನು ನಾನು. ಅವರು ಈಗ ಯಾವ ಊರಿನಲ್ಲಿ ಯಾರ ಸೊಂಟವನ್ನು ಯಾವ ಬದಿಯಿಂದ ಒತ್ತಿ ನೋಡುತ್ತಿದ್ದಾರೋ ದೇವರಿಗೇ ಗೊತ್ತು. ನಾನು ಡಾಕ್ಟರನಲ್ಲ, ಪ್ರೊಫೆಸರನಲ್ಲ, ಮೆಡಿಕಲ್ ಶಾಪಿನ ಕೌಂಟರಿನ ಆಚೆ ಬದಿಗೆ ಒಮ್ಮೆಯೂ ಹೋದವನಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರದ ಮೇಷ್ಟ್ರ ಕೆಮ್ಮನ್ನು ಕಲಿತೆನೇ ಹೊರತು ಜೀವಶಾಸ್ತ್ರವನ್ನು ಕಲಿಯಲಿಲ್ಲ. ಆ ಕೆಮ್ಮು ಮಾತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಒಂದು ದಿನ ನಾನು ಬಾಗಿಲ ಹೊರಗೆ ಕೆಮ್ಮಿದಾಗ ಇಡೀ ಕ್ಲಾಸು ಎದ್ದು ನಿಂತಿತು. ಹಿಂದಿನಿಂದ ಬಂದ ಮೇಷ್ಟ್ರು ಕೂಡ ಒಂದು ಕ್ಷಣ ತಾವು ಒಳಗಿದ್ದಾರೋ ಹೊರಗಿದ್ದಾರೋ ಎಂಬ ಸಂಶಯದಲ್ಲಿ ನಿಂತಿದ್ದರು.

ನನ್ನ ಕಸುಬು ಮೈಕು. ಉಡುಪಿ, ಕಾಪು, ಕಾರ್ಕಳದ ಕಡೆ ನಮ್ಮ ಕ್ರೈಸ್ತರ ಮದುವೆಯ ಪಾರ್ಟಿ ಎಂದರೆ ಒಬ್ಬ ಎಂಸಿ ಬೇಕೇ ಬೇಕು. ಈಗ ಕೇಕು ಕತ್ತರಿಸಿ, ಈಗ ಗ್ಲಾಸು ಎತ್ತಿ, ಈಗ ವರನ ಮಾವ ಎರಡೇ ಎರಡು ಮಾತು ಆಡಲಿ ಎಂದು ಹೇಳುತ್ತ, ಆ ಎರಡು ಮಾತು ಅರ್ಧ ಗಂಟೆಯಾದಾಗ ಮೈಕನ್ನು ಉಪಾಯದಿಂದ ಕಸಿದುಕೊಳ್ಳುವವನೇ ಎಂಸಿ. ನಡುನಡುವೆ ನಾನು ಎರಡೂ ಕಡೆಯ ನೆಂಟರ ನಡಿಗೆ, ಮಾತು, ಸೀನು, ಆಕಳಿಕೆಗಳನ್ನು ಮಾಡಿ ತೋರಿಸುತ್ತೇನೆ. ಪಡುಬಿದ್ರಿಯ ಒಂದು ಮದುವೆಯಲ್ಲಿ ವಧುವಿನ ಅಜ್ಜ ಊಟದ ಸಾಲಿನಲ್ಲಿ ಹಂದಿಮಾಂಸದ ಪಾತ್ರೆಯನ್ನು ನೋಡುವ ರೀತಿಯನ್ನು ಮಾಡಿದ್ದಕ್ಕೆ ಅಜ್ಜನೇ ಬಂದು ಕೈಕುಲುಕಿದರು, ಅಜ್ಜಿ ಮಾತ್ರ ಇನ್ನೂ ನನ್ನೊಡನೆ ಮಾತಾಡುವುದಿಲ್ಲ. ನನ್ನನ್ನು ನಾನೂ ಬಿಟ್ಟಿಲ್ಲ. ನನ್ನ ಮೂಗು ಮೈಕಿಗೆ ತಾಗಿ ಟಪ್ ಎನ್ನುವುದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಜಿಲ್ಲೆಯಲ್ಲಿ ಬೇರೆ ಯಾರೂ ಇಲ್ಲ.

ಇಂಥ ಒಂದು ಪಾರ್ಟಿಗೆ ಮಣಿಪಾಲದ ಒಬ್ಬ ಡಾಕ್ಟರು ಬಂದಿದ್ದರು. ಧಾರವಾಡದ ಕಡೆಯವರು, ಪಾಟೀಲರು ಎಂದು ಹೆಸರು, ನೋವಿನ ಚಿಕಿತ್ಸೆಯೇ ಅವರ ವಿಭಾಗ. ಅವರು ನನ್ನನ್ನು ಬದಿಗೆ ಕರೆದು, ತಾವು ಪಾಠ ಮಾಡುವ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪರೀಕ್ಷೆಗೆ ರೋಗಿಗಳಂತೆ ನಟಿಸುವವರು ಬೇಕಾಗಿದ್ದಾರೆ, ಬರುತ್ತೀಯಾ ಎಂದು ಕೇಳಿದರು. ರೋಗವಿಲ್ಲದ ರೋಗಿ ಬಂದು ಕೂರುವುದು, ವಿದ್ಯಾರ್ಥಿ ಪ್ರಶ್ನೆ ಕೇಳುವುದು, ಸರಿಯಾದ ಪ್ರಶ್ನೆ ಕೇಳಿದರೆ ಅಂಕ. ನನಗೆ ಸಿಕ್ಕಿದ ಪಾತ್ರ ದೀರ್ಘಕಾಲದ ಸೊಂಟನೋವು. ಪಾತ್ರವೇನೋ ಸಿಕ್ಕಿತು, ಸೊಂಟವೂ ಇತ್ತು, ನೋವು ಮಾತ್ರ ಇರಲಿಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ ಅದನ್ನು ಎಲ್ಲಿಂದ ತರುವುದು? ಕಾಪುವಿನಲ್ಲಿರುವ ಸೆವ್ರಿನ್ ಮಾವ್ಶಿಯಿಂದ ಎರವಲು ತಂದೆ. ಮಾವ್ಶಿ ಎಂದರೆ ಕೊಂಕಣಿಯಲ್ಲಿ ಅಮ್ಮನ ತಂಗಿ. ಎರವಲು ಎಂದು ಹೇಳುವುದು ನನ್ನ ಮರ್ಯಾದೆಗೆ, ಕೇಳಿ ತಂದದ್ದಲ್ಲ.

ಮಾವ್ಶಿಗೆ ಮನೆಯಂಗಳದ ತುಂಬ ಮಲ್ಲಿಗೆ ಗಿಡಗಳು. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ದಿನದ ರೇಟು ನಿಶ್ಚಯವಾಗುವ ಹೂವಿನ ಕಟ್ಟೆಗೆ ಕಳಿಸುವ ತನಕ ಅವಳ ಹತ್ತಿರ ಯಾರೂ ಮಾತಾಡುವ ಹಾಗಿಲ್ಲ. ಮಾತಾಡಿದರೆ ಬಾಯಲ್ಲಿ ಬಾಳೆನಾರು ಕಚ್ಚಿಕೊಂಡೇ ಬೈಯುತ್ತಾಳೆ. ಅವಳು ನಡೆಯುವಾಗ ಎಡಗೈ ಎಡಸೊಂಟದ ಮೇಲೆ ಇರುತ್ತದೆ, ಮೈ ಸ್ವಲ್ಪ ಆ ಕಡೆ ವಾಲಿರುತ್ತದೆ. ಇಗರ್ಜಿಯ ಪೂಜೆಯಲ್ಲೂ ಹಾಗೆ, ಬಸ್ ಸ್ಟ್ಯಾಂಡಿನಲ್ಲೂ ಹಾಗೆ. ಸೊಂಟನೋವು ಉಂಟೆಂದು ಮನೆಯವರಿಗೆಲ್ಲ ಗೊತ್ತಿತ್ತು, ಎಷ್ಟೆಂದು ಮಾತ್ರ ಅವಳು ಬಾಯಿ ಬಿಟ್ಟು ಹೇಳಿದವಳಲ್ಲ. ನಾನು ಆ ಕೈ, ಆ ವಾಲಿದ ಮೈ, ಕೂರುವ ಮೊದಲು ಕುರ್ಚಿಯನ್ನು ಅನುಮಾನದಿಂದ ನೋಡುವ ಆ ನೋಟ, ಎಲ್ಲವನ್ನೂ ಹಾಗೆಯೇ ಮಣಿಪಾಲಕ್ಕೆ ಸಾಗಿಸಿದೆ. ಯಶಸ್ಸು ಎಂದರೆ ಯಶಸ್ಸು. ಒಬ್ಬಳು ವಿದ್ಯಾರ್ಥಿನಿ ನನಗೆ ನೀರು ತಂದುಕೊಟ್ಟಳು. ಎಡಬದಿಯ ಬಗ್ಗೆ ಕೇಳಿದವರಿಗೆಲ್ಲ ಪಾಟೀಲ ಡಾಕ್ಟರು ಒಂದೊಂದು ಅಂಕ ಕೊಟ್ಟರು. ಇನ್ನೊಬ್ಬರ ನೋವನ್ನು ನೋಡುವಾಗ ನಮ್ಮ ಮಿದುಳಿನಲ್ಲೂ ಅದೇ ದೀಪಗಳಲ್ಲಿ ಕೆಲವು ಹೊತ್ತಿಕೊಳ್ಳುತ್ತವೆಂದು ಈಚಿನ ಸಂಶೋಧನೆ ಹೇಳುತ್ತದೆ ಎಂದು ಅವರು ಹೇಳಿದ್ದನ್ನು ನಾನು ನನಗೆ ಕೊಟ್ಟ ಸರ್ಟಿಫಿಕೇಟ್ ಎಂದೇ ತಿಳಿದೆ. ನನ್ನ ಮಿದುಳಿನಲ್ಲಿ ಆಗ ಹೊತ್ತಿದ್ದು ಯಾವ ದೀಪವೋ, ಬಹುಶಃ ಸ್ಟೇಜಿನದ್ದು.

ಈ ನಡುವೆ ಕಾಪುವಿನಲ್ಲಿ ನಿಜವಾದ ಸಂಕಟ ಶುರುವಾಗಿತ್ತು. ಮಾವ್ಶಿಯ ಗಂಡ ಲಾಜರ್ ಬಾಪ್ಪು ದುಬೈ ಬಿಟ್ಟು ಬಂದವರು, ಎಲ್ಲ ಕೆಲಸ ಒಂದೇ ಸಲಕ್ಕೆ ಮುಗಿಯಬೇಕು ಎನ್ನುವವರು. ಅವರು ಮಾವ್ಶಿಯನ್ನು ಕಾರ್ಕಳದ ಒಬ್ಬ ಹಿರಿಯ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದರು. ಮೂಳೆ ಸವೆದಿದೆ, ಬಗ್ಗಬಾರದು, ರೆಸ್ಟ್ ಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಬಾಪ್ಪು ಪರಿಹಾರ ಕಂಡುಹಿಡಿದರು. ಗಿಡ ಇದ್ದರೆ ತಾನೇ ಬಗ್ಗುವುದು? ಮಲ್ಲಿಗೆಯನ್ನೆಲ್ಲ ಕಿತ್ತು ಅಂಗಳಕ್ಕೆ ಸಿಮೆಂಟ್ ಕಲ್ಲಿನ ಇಂಟರ್‌ಲಾಕ್ ಹಾಕಿಸಿದರೆ ಹೆಂಡತಿಯ ಸೊಂಟಕ್ಕೂ ರೆಸ್ಟ್, ಕಾರಿಗೂ ಜಾಗ. ಪ್ರೀತಿಯಿಂದಲೇ ಹೇಳಿದ್ದು, ಕಾರಿನ ಮೇಲಿನ ಪ್ರೀತಿಯೂ ಅದರಲ್ಲಿ ಸ್ವಲ್ಪ ಸೇರಿತ್ತು ಅಷ್ಟೆ. ಮಾವ್ಶಿ ಅಂದಿನಿಂದ ಯಾರು ಹೇಗುಂಟು ಎಂದು ಕೇಳಿದರೂ, ಈಗ ಅಡ್ಡಿಯಿಲ್ಲ, ಕಡಿಮೆ ಉಂಟು ಎನ್ನತೊಡಗಿದಳು. ಆದರೂ ಬಾಪ್ಪು ಕಲ್ಲು ನೋಡಲು ಹೋದರು, ಬಣ್ಣವನ್ನೂ ಆರಿಸಿದರು, ಸೋಮವಾರ ಕೆಲಸದವರು ಬರುವುದೆಂದು ನಿಶ್ಚಯವಾಯಿತು.

ಸುದ್ದಿ ಬನ್ನಂಜೆಯ ನನ್ನ ಬಾಡಿಗೆ ಕೋಣೆಗೆ ತಲುಪಿದಾಗ ನನ್ನೊಳಗಿನ ಅರೆಬರೆ ಡಾಕ್ಟರ್ ಎದ್ದು ಕೂತ. ನಟಿಸುವಾಗ ಕಿವಿಗೆ ಬಿದ್ದದ್ದೆಲ್ಲ ನನಗೆ ನೆನಪಿತ್ತು: ಇಂಥ ನೋವಿಗೆ ಈಗ ಬರೀ ರೆಸ್ಟ್ ಹೇಳುವುದಿಲ್ಲ, ಹಂತಹಂತವಾಗಿ ಅಲ್ಲಾಡಬೇಕು. ಸೋಮವಾರದ ಮೊದಲು ಪಾಟೀಲ ಡಾಕ್ಟರಿಗೆ ತೋರಿಸೋಣ ಎಂದು ಹಟ ಹಿಡಿದೆ. ಬಾಪ್ಪು ಕಾರು ತಂದರು, ಆದರೆ ಒಳಗೆ ಬರಲಿಲ್ಲ. ಮಣಿಪಾಲದಲ್ಲಿ ಸಿಕ್ಕಿದ ಪಾರ್ಕಿಂಗನ್ನು ಬಿಟ್ಟು ಬರುವವನು ಹುಚ್ಚ ಎಂದು ಅವರ ಅಭಿಪ್ರಾಯ. ಕಾರಿನಲ್ಲೇ ಕಾವಲು ಕೂತರು.

ಒಳಗೆ ಡಾಕ್ಟರು ಮಾವ್ಶಿಯನ್ನು ಪರೀಕ್ಷಿಸಿದರು, ಕಾಲು ಎತ್ತಿಸಿದರು, ಸ್ಕ್ಯಾನ್ ನೋಡಿದರು. ಆಮೇಲೆ ಕೇಳಿದರು: “ಅಮ್ಮಾರ, ಸೊನ್ನಿ ಅಂದ್ರ ನೋವಿಲ್ಲ, ಹತ್ತು ಅಂದ್ರ ತಡಕೊಳ್ಳಾಕ ಆಗದಷ್ಟು. ನಿಮ್ದು ಎಷ್ಟೈತ್ರಿ?”

ಮಾವ್ಶಿ ಯೋಚಿಸಿದಳು. “ಬೇರೆಯವರು ಎಷ್ಟು ಹೇಳ್ತಾರೆ ಡಾಕ್ಟ್ರೇ?”

ದಿನವೂ ಕಟ್ಟೆಯಲ್ಲಿ ಹೂವಿನ ರೇಟು ಕೇಳಿ ರೂಢಿ. ಅವರವರದ್ದು ಅವರವರು ಹೇಳುತ್ತಾರೆ ಎಂದು ಡಾಕ್ಟರು ವಿವರಿಸಿದ ಮೇಲೆ, ಹಾಗಾದರೆ ಒಂದು ಮೂರು ಬರೆಯಿರಿ, ಹೆಚ್ಚು ಬೇಡ ಎಂದಳು. ನನಗೆ ತಡೆಯಲಾಗಲಿಲ್ಲ. ಮೂರು ಎಂದರೆ ಡಾಕ್ಟರು ಮಾತ್ರೆ ಕೊಟ್ಟು ಕಳಿಸುತ್ತಾರೆ, ಸೋಮವಾರ ಇಂಟರ್‌ಲಾಕ್ ಬರುತ್ತದೆ. ನಾನು ಎದ್ದೆ. ಇವಳಿಗೆ ಹೇಳಲು ಬರುವುದಿಲ್ಲ, ನಾನು ತೋರಿಸುತ್ತೇನೆ ಎಂದು ಎಡಗೈಯನ್ನು ಸೊಂಟದ ಮೇಲಿಟ್ಟು, ವಾಲಿ, ಬಾಗಿಲ ತನಕ ನಡೆದು, ತಿರುಗಿ, ಕುರ್ಚಿಯನ್ನು ಅನುಮಾನದಿಂದ ನೋಡಿ, ನಿಟ್ಟುಸಿರು ಬಿಟ್ಟು ಕೂತೆ. ಕಾಲೇಜಿನಲ್ಲೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಡಾಕ್ಟರು ತಮ್ಮ ಶಿಷ್ಯನನ್ನು ನೋಡುವ ಹೆಮ್ಮೆಯಿಂದ ನೋಡುತ್ತಿದ್ದರು.

“ಅದು ಯಾರು?” ಎಂದು ಕೇಳಿದಳು ಮಾವ್ಶಿ.

“ನೀನೇ.”

“ನಾನಾ? ಕೈ ಎಂತಕ್ಕೆ ಅಲ್ಲಿ ಇಟ್ಟಿದ್ದಿ?”

“ನೋವು ಇರುವುದು ಅಲ್ಲೇ ಅಲ್ವಾ?”

“ಅಲ್ಲಿ ಎಂತ ನೋವು ಮಾರಾಯ? ಅದು ಹೂ ಕೊಯ್ಯುವ ಚೀಲ. ಅಲ್ಲಿ ಕಟ್ಟಿಕೊಂಡು, ಬಾಯಿ ಮುಚ್ಚದ ಹಾಗೆ ಹಿಡಿದು ಹಿಡಿದು ಕೈ ಅಲ್ಲೇ ನಿಂತದ್ದು. ನೋವು ಬಲಗಡೆ.”

ಪಾಟೀಲ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಎಡಬದಿಗೆ ಕೊಟ್ಟ ಅಂಕಗಳೆಲ್ಲ ಅವರ ಕಣ್ಣೆದುರು ಮೆರವಣಿಗೆ ಹೋಗುತ್ತಿದ್ದಿರಬೇಕು. ಕೊನೆಗೆ ತಗ್ಗಿದ ದನಿಯಲ್ಲಿ, “ಇಡೀ ಬ್ಯಾಚಿಗೆ ಹೂವಿನ ಚೀಲದ ಟ್ರೀಟ್‌ಮೆಂಟ್ ಕಲಿಸೀವಲ್ಲೋ” ಎಂದರು. ನನ್ನನ್ನು ಮೂಲೆಯ ಸ್ಟೂಲಿನಲ್ಲಿ ಕೂರಿಸಿ, ಕೈ ತೊಡೆಯ ಮೇಲೆ, ಬಾಯಿ ಬಂದ್ ಎಂದು ಆಜ್ಞೆ ಮಾಡಿದರು. ಅವರು ಆಜ್ಞೆ ಮಾಡುವಾಗ ಎಡಹುಬ್ಬು ಮಾತ್ರ ಮೇಲೇರುತ್ತದೆ. ನನಗೂ ಏರಿತು, ಬಲವಂತದಿಂದ ಇಳಿಸಿಕೊಂಡೆ.

ಡಾಕ್ಟರು ಆಮೇಲೆ ಸಂಖ್ಯೆಯ ಸುದ್ದಿಗೇ ಹೋಗಲಿಲ್ಲ. ನೋವು ಇಲ್ಲದೇ ಹೋದರೆ ನಾಳೆ ಬೆಳಗ್ಗೆ ಏನು ಮಾಡುತ್ತೀರಿ ಎಂದು ಕೇಳಿದರು. ಮಾವ್ಶಿ ತಟ್ಟನೆ ಹೇಳಿದಳು, ಮಣೆ ಹಾಕಿ ಕೂತು ಹೂ ಕಟ್ಟುತ್ತೇನೆ. ಈಗ ನಿಂತೇ ಕಟ್ಟುವುದಂತೆ. ಕೂತರೆ ಏಳುವಾಗ ಬಲಸೊಂಟದಿಂದ ತೊಡೆಯ ತನಕ ಜೀವ ಹೋಗುತ್ತದಂತೆ. ಯಾಕೆ ನಿಂತದ್ದೆಂದು ಗಂಡ ಕೇಳಿದರೆ ಗೇಟಿಗೆ ದನ ಬರುತ್ತದೆ, ನೋಡುತ್ತಿದ್ದೇನೆ ಎಂದು ಹೇಳುವುದಂತೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂಬುದಕ್ಕೆ, ಹೇಳಿದರೆ ಇಂಟರ್‌ಲಾಕ್ ಆಗ್ತದೆ ಡಾಕ್ಟ್ರೇ ಎಂದಳು. ಡಾಕ್ಟರು ಗಾಬರಿಯಿಂದ ಸ್ಕ್ಯಾನನ್ನು ಮತ್ತೆ ಬೆಳಕಿಗೆ ಹಿಡಿದರು. ಬಾಯಿ ಬಂದ್ ಇದ್ದರೂ ನಾನು ಕೈ ಎತ್ತಿ, ಅದು ಬೆನ್ನುಮೂಳೆಯಲ್ಲಿ ಅಲ್ಲ, ಅಂಗಳದಲ್ಲಿ ಎಂದು ಹೇಳಬೇಕಾಯಿತು. ನನ್ನ ಕಡೆ ಒಮ್ಮೆ ನೋಡಿ ಮಾವ್ಶಿ ಇನ್ನೊಂದು ಸೇರಿಸಿದಳು: “ಇವನ ಎದುರಂತೂ ಕುಂಟುವ ಹಾಗೇ ಇಲ್ಲ. ಇವತ್ತು ಕುಂಟಿದರೆ ಶನಿವಾರ ಮೈಕಿನಲ್ಲಿ ಬರ್ತದೆ.”

ಡಾಕ್ಟರು ನಕ್ಕರು. ನಾನೂ ನಗಲು ನೋಡಿದೆ, ಅದೊಂದನ್ನು ಮಾತ್ರ ಸರಿಯಾಗಿ ಮಾಡಲಾಗಲಿಲ್ಲ.

ಬಾಪ್ಪುವನ್ನು ಪಾರ್ಕಿಂಗಿನಿಂದ ಕರೆಸಲಾಯಿತು. ಡಾಕ್ಟರು ಅವರಿಗೆ ಸಮಾಧಾನದಿಂದ ವಿವರಿಸಿದರು. ಅಪಾಯದ ಲಕ್ಷಣ ಯಾವುದೂ ಇಲ್ಲ. ಸ್ಕ್ಯಾನಿನಲ್ಲಿ ಕಾಣುವ ಸವೆತ ಈ ವಯಸ್ಸಿನಲ್ಲಿ ತಲೆಗೂದಲು ನರೆತ ಹಾಗೆ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಕಾಣುತ್ತದೆ. ಮೊದಲೆಲ್ಲ ನೋವು ಎಂದರೆ ಗಾಯದ ಅಳತೆ ಎಂದು ತಿಳಿದಿದ್ದರು, ಈಗ ಹಾಗಲ್ಲ. ನರಗಳೂ ಮಿದುಳೂ ಸೇರಿ ಕೊಡುವ ಎಚ್ಚರಿಕೆ ಅದು. ಬಹಳ ಕಾಲ ಹೊಡೆದುಕೊಂಡ ಅಲಾರಂ ಸೂಕ್ಷ್ಮವಾಗಿಬಿಡುತ್ತದೆ, ಕಾರಿನ ಮೇಲೆ ಬೆಕ್ಕು ಹತ್ತಿದರೂ ಕೂಗುತ್ತದೆ. ಹೆದರಿಕೆ, ನಿದ್ದೆಗೇಡು, ಮನಸ್ಸಿನಲ್ಲೇ ಇಟ್ಟುಕೊಳ್ಳುವುದು, ಸುಮ್ಮನೆ ಮಲಗಿರುವುದು, ಎಲ್ಲವೂ ಅದನ್ನು ಹೆಚ್ಚಿಸುತ್ತವೆ.

ಕಾರು ಎಂದ ಕೂಡಲೇ ಬಾಪ್ಪುವಿಗೆ ಎಲ್ಲವೂ ಅರ್ಥವಾದಂತಿತ್ತು. “ಹಾಗಾದರೆ ಇವಳ ನೋವು ಸುಳ್ಳಾ?” ಎಂದು ಕೇಳಿದರು.

“ಸುಳ್ಳಲ್ರೀ. ಅಲಾರಂ ಹೊಡಿಯೋದು ಖರೇನ. ಕಳ್ಳ ಇಲ್ಲ, ಅಷ್ಟ.”

ಹಾಗಾಗಿ ಗಿಡ ಕೀಳುವುದು ಔಷಧಿಯಲ್ಲ, ಇಷ್ಟದ ಕೆಲಸ ಬಿಡಿಸಿದರೆ ಅಲಾರಂ ಇನ್ನೂ ಜೋರಾಗುತ್ತದೆ ಎಂದರು ಡಾಕ್ಟರು. ಸ್ವಲ್ಪ ಕೊಯ್ಯಬೇಕು, ನಿಲ್ಲಬೇಕು, ಸ್ವಲ್ಪ ನಡೆಯಬೇಕು, ಮತ್ತೆ ಕೊಯ್ಯಬೇಕು. ಮಣೆಯ ಬದಲು ಎತ್ತರದ ಕುರ್ಚಿ. ದಿನವೂ ಹೇಳಿಕೊಟ್ಟ ವ್ಯಾಯಾಮ. ಬಾಪ್ಪು, ಹಾಗಾದರೆ ಕಾರಿನ ಚಕ್ರ ಹೋಗುವಷ್ಟಕ್ಕೆ ಮಾತ್ರ ಎರಡು ಪಟ್ಟಿ ಇಂಟರ್‌ಲಾಕ್ ಹಾಕಿದರೆ ನರಗಳಿಗೆ ತೊಂದರೆ ಉಂಟಾ ಎಂದು ಕೇಳಿದರು. ಇಲ್ಲ ಎಂದು ಡಾಕ್ಟರು ಒಪ್ಪಿಗೆ ಕೊಟ್ಟರು. ವೈದ್ಯಕೀಯ ಅನುಮತಿ ಪಡೆದು ಹಾಕಿದ ಇಂಟರ್‌ಲಾಕ್ ಕಾಪುವಿನಲ್ಲಿ ಅದೊಂದೇ ಇರಬೇಕು.

ನೋವು ಮಂತ್ರ ಹಾಕಿದ ಹಾಗೆ ಮಾಯವಾಯಿತೆಂದು ಬರೆದರೆ ಮಾವ್ಶಿಯೇ ಬಂದು ಹೊಡೆಯುತ್ತಾಳೆ. ಕೆಲವು ದಿನ ಹೆಚ್ಚು, ಕೆಲವು ದಿನ ಕಡಿಮೆ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಎತ್ತರದ ಕುರ್ಚಿಯಲ್ಲಿ ಕೂತು, ತಾನೇ ಎದ್ದು, ತಾನೇ ಬೈಯುತ್ತಿದ್ದಳು. ಹೇಗುಂಟು ಎಂದು ಕೇಳಿದರೆ ಇವತ್ತು ನಾಲ್ಕು, ನಿನ್ನೆ ಆರು ಇತ್ತು ಎಂದು ಕಟ್ಟೆಯ ರೇಟಿನಂತೆ ಘೋಷಿಸುತ್ತಾಳೆ. ಬಾಪ್ಪು ಕೂಡ ಪಕ್ಕದಲ್ಲಿ ಕೂತು ಹೂ ಕಟ್ಟಲು ಕಲಿತಿದ್ದಾರೆ. ಅವರು ಕಟ್ಟಿದ್ದನ್ನು ಕಟ್ಟೆಗೆ ಕಳಿಸುವುದಿಲ್ಲ, ಮನೆಯ ಅಲ್ತಾರಿನಲ್ಲಿರುವ ದೇವಮಾತೆಗೆ ಹಾಕುತ್ತಾರೆ, ಮಾತೆ ದೂರು ಹೇಳುವುದಿಲ್ಲ.

ಆಗ ಪಾಟೀಲ ಡಾಕ್ಟರ ಫೋನು ಬಂತು. ನನಗಲ್ಲ, ಮಾವ್ಶಿಗೆ. ಈ ಸಲ ವಿದ್ಯಾರ್ಥಿಗಳ ಎದುರು ಅವಳೇ ಬಂದು ಕೂರಬೇಕಂತೆ. ಹೊಟ್ಟೆಕಿಚ್ಚಿಗೆ ಅಂಕ ಕೊಡುವುದಿದ್ದರೆ ನನ್ನದು ಅಂದು ಹತ್ತಕ್ಕೆ ಹನ್ನೊಂದು. ಮೊದಲ ಬಸ್ಸಿಗೆ ಕಾಪುವಿಗೆ ಹೋದೆ. ಮಾವ್ಶಿ ಆಗಲೇ ಪೆಟ್ಟಿಗೆಯಿಂದ ನೀಲಿ ಸೀರೆ ತೆಗೆದು ಕುರ್ಚಿಯ ಮೇಲೆ ಹರಡಿದ್ದಳು. ಅವಳ ಒಳ್ಳೆಯದಕ್ಕೇ ಹೇಳುವವನ ಹಾಗೆ ಮುಖ ಮಾಡಿಕೊಂಡು, ಇದೆಲ್ಲ ಸುಲಭವಲ್ಲ, ಜನರೆದುರು ಕೂತು ಅಭಿನಯಿಸಬೇಕಾದರೆ ಅಭ್ಯಾಸ ಬೇಕು, ನನಗೆ ಸ್ಟೇಜಿನ ಅನುಭವವಾದರೂ ಉಂಟು, ನಿನಗೆ ಆ್ಯಕ್ಟಿಂಗ್ ಎಲ್ಲಿ ಬರುತ್ತದೆ ಎಂದೆ.

ಮಾವ್ಶಿ ಸೀರೆಯ ನೆರಿಗೆಯಿಂದ ತಲೆ ಎತ್ತಲೂ ಇಲ್ಲ.

“ಇಷ್ಟು ಕಾಲ ನಿಮ್ಮೆಲ್ಲರ ಎದುರು ನೋವಿಲ್ಲದವಳ ಪಾರ್ಟ್ ಮಾಡಿದ್ದು ನಾನು ಮಾರಾಯ. ನಿನಗೆ ಒಂದು ದಿನವಾದರೂ ಗೊತ್ತಾಯಿತಾ?”