ಅಬ್ಸಿಂತ್ ಕುಡಿದು ಅತ್ತೆಯನ್ನು ಕಂಡದ್ದು

ನನ್ನ ತಲೆ ನನ್ನ ಹಿಡಿತದಲ್ಲಿದೆ ಎಂಬುದರ ಬಗ್ಗೆ ಆ ಶನಿವಾರದವರೆಗೂ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಫೀಸಿನ ಗೆಳೆಯ ಪೀಟರ್ ಊಟಕ್ಕೆ ಕರೆದಿದ್ದ. ಊಟದ ಮೇಲೆ ಅಬ್ಸಿಂತ್ ಎಂಬ ಹಸಿರು ಮದ್ಯದ ಬಾಟಲಿ ತೆಗೆದ. ಅದಕ್ಕೆ ವರ್ಮ್‌ವುಡ್ ಎಂಬ ಕಹಿ ಗಿಡ ಹಾಕುತ್ತಾರಂತೆ. ನಮ್ಮ ದವನದ ನೆಂಟ. ಕುಡಿದರೆ ಇಲ್ಲದವರೆಲ್ಲ ಕಣ್ಣಿಗೆ ಕಾಣುತ್ತಾರೆಂದು ಹೆದರಿಸಿದ. ಮೈಸೂರಿನಲ್ಲಿ ಎಂಥೆಂಥ ಕಷಾಯ ಕುಡಿದವನಿಗೆ ಇದ್ಯಾವ ಲೆಕ್ಕ! ಒಂದು ಪುಟ್ಟ ಗ್ಲಾಸು ಏರಿಸಿದೆ. ಸೋಂಪು ಅಗಿದಂತಿತ್ತು, ಅಷ್ಟೇ. ಟ್ರೇನ್ ಹತ್ತಿ ನಮ್ಮ ಬಡಾವಣೆ ವೆರಿಬೀಗೆ ಬಂದು ಮನೆ ಬಾಗಿಲು ತೆಗೆದೆ.

ಸೋಫಾದ ಮೇಲೆ ನಮ್ಮ ಅತ್ತೆ! ತಲೆಯೆಲ್ಲ ಹಸಿರು!

ಅತ್ತೆ ಇರಬೇಕಾದದ್ದು ಸಿಡ್ನಿಯ ಟೂಂಗಾಬಿಯಲ್ಲಿ, ಮಗನ ಮನೆಯಲ್ಲಿ. ನಮ್ಮಲ್ಲಿಗೂ ಬರುತ್ತೇನೆಂದು ಎರಡು ತಿಂಗಳಿಂದ ಹೇಳುತ್ತಿದ್ದರು. ನಮ್ಮದು ರೆಂಟ್ ಮನೆ, ಯಾರಾದರೂ ಬಂದು ಉಳಿಯಲು ಏಜೆಂಟ್ ಪರ್ಮಿಷನ್ ಕೊಡುತ್ತಿಲ್ಲ ಎಂದು ನಾನು ಅವರಿಗೂ, ಹೆಂಡತಿ ಸುಮಾಗೂ ಹೇಳುತ್ತಲೇ ಬಂದಿದ್ದೆ. ಅಸಲಿಗೆ ಏಜೆಂಟನ್ನು ಕೇಳಿಯೇ ಇರಲಿಲ್ಲ. ನಾನು ಕ್ರಿಕೆಟ್ ನೋಡುವ ಟಿವಿ ಇದ್ದದ್ದು ಗೆಸ್ಟ್ ರೂಮಿನಲ್ಲಿ. ಅದೊಂದೇ ಕಾರಣ.

ಆದ್ದರಿಂದ ಇದು ಅತ್ತೆಯಲ್ಲ, ವರ್ಮ್‌ವುಡ್ ಎಂದು ತೀರ್ಮಾನಿಸಿದೆ. ಭ್ರಮೆಗೆ ಹೆದರಬಾರದು, ಮಾತಾಡಿ ಓಡಿಸಬೇಕು ಎಂದು ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ.

"ನೀವು ನಿಜ ಅಲ್ಲ. ನಿಮ್ಮನ್ನ ನಾನು ಸಿಡ್ನೀಲೇ ನಿಲ್ಲಿಸಿದೀನಿ. ಏಜೆಂಟ್‌ನ ಕೇಳೇ ಇಲ್ಲ. ಕ್ರಿಕೆಟ್ ಸೀಸನ್ ಮುಗೀಲಿ ಅಂತ ಸುಳ್ಳು ಹೇಳ್ದೆ."

ಭ್ರಮೆ ಕದಲಲಿಲ್ಲ. ಧೈರ್ಯ ಮಾಡಿ ಅದರ ತಲೆಗೇ ಬೆರಳು ಅದ್ದಿದೆ. ತಣ್ಣಗಿತ್ತು! ಮೆಹಂದಿ!

ಹಿಂದೆ ತಿರುಗಿದರೆ ಸುಮಾ ಕಾಫಿ ಲೋಟ ಹಿಡಿದು ನಿಂತಿದ್ದಳು. ಎರಡು ದಿನಕ್ಕೆ ಯಾರ ಪರ್ಮಿಷನ್ನೂ ಬೇಡವೆಂದು ಅವಳೇ ಅಮ್ಮನನ್ನು ಕರೆಸಿಕೊಂಡಿದ್ದಳಂತೆ, ನನಗೆ ಸರ್‌ಪ್ರೈಸ್ ಕೊಡಲು. ನಾನು ತಡವರಿಸುತ್ತ ಅಬ್ಸಿಂತ್‌ನ ಕತೆ ಹೇಳಿ, ತಪ್ಪನ್ನೆಲ್ಲ ಆ ಗಿಡದ ಮೇಲೆ ಹೊರಿಸಿದೆ. ಸುಮಾಳ ಮುಖ ಕೊಂಚ ಮೆತ್ತಗಾಯಿತು. ಸದ್ಯ, ಬದುಕಿದೆ ಎಂದುಕೊಂಡೆ.

ಆದರೆ ಅತ್ತೆ ಮೂವತ್ತು ವರ್ಷ ಕಾಲೇಜಿನಲ್ಲಿ ಬಾಟನಿ ಪಾಠ ಮಾಡಿದವರು! ಎಷ್ಟು ಕುಡಿದಿರಿ ಎಂದು ಕೇಳಿದರು. ಬೆರಳಲ್ಲಿ ಅಳತೆ ತೋರಿಸಿದೆ.

"ಅಷ್ಟಕ್ಕೆಲ್ಲ ಏನೂ ಆಗಲ್ಲ ಅಳಿಯಂದ್ರೇ. ಅದನ್ನ ಕುಡಿದ್ರೆ ಏನೇನೋ ಕಾಣುತ್ತೆ ಅನ್ನೋದು ಹಳೇ ಕಟ್ಟುಕತೆ. ನೀವು ಪೂರ್ತಿ ಎಚ್ಚರದಲ್ಲೇ ಮಾತಾಡಿದ್ದು," ಎಂದರು ಶಾಂತವಾಗಿ.

ಸುಮಾ ಅಲ್ಲೇ ಏಜೆಂಟ್‌ಗೆ ಫೋನ್ ಮಾಡಿದಳು. ಧಾರಾಳವಾಗಿ ಇರಲಿ ಎಂದನಂತೆ. ಭ್ರಮೆಯಾಗಿದ್ದರೆ ಬೆಳಗಾಗುವಷ್ಟರಲ್ಲಿ ಇಳಿಯುತ್ತಿತ್ತು. ಅತ್ತೆ ಐದು ತಿಂಗಳಿದ್ದರು! ಒಳ್ಳೆಯ ಹೆಂಗಸು. ಪಂದ್ಯದ ದಿನ ಗೆಸ್ಟ್ ರೂಮಿನ ಬಾಗಿಲ ಹೊರಗೆ ಸುಳಿದಾಡುತ್ತಿದ್ದ ನನಗೆ ಒಳಗಿನಿಂದಲೇ ಸ್ಕೋರ್ ಕೂಗಿ ಹೇಳುತ್ತಿದ್ದರು.