ತುಂಡಾದ ಡಿಎನ್‌ಎ ಪಾಠವೂ ನನ್ನ ಸಿಟ್ಟೂ

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಡಂ. ಡಿಎನ್‌ಎ ತುಂಡಾದರೆ, ರಿಪೇರಿಗೆಂದು ಜೀವಕೋಶ ಅದೇ ಜಾಗಕ್ಕೆ ಹತ್ತಾರು ಬಗೆಯ ಪ್ರೋಟೀನುಗಳನ್ನು ಕರೆಸಿಕೊಳ್ಳುತ್ತದೆ. ಇಷ್ಟೇ ಪಾಠ. ಇದನ್ನು ಹೇಳಹೊರಟಾಗಲೆಲ್ಲ ಏನಾದರೊಂದು ಆಗಿ ನನ್ನ ಬಿಪಿ ಏರುತ್ತದೆ. ಕೇಳಿದವರು ನಗುತ್ತಾರೆ. ಅವರಿಗೇನು, ಪಾಠ ಮಾಡುವವಳು ನಾನು ತಾನೆ!

ಸೊನ್ನೆ

"ತುಂಡಾದ ಡಿಎನ್‌ಎ ಬಳಿ ಪ್ರೋಟೀನುಗಳು ಹೇಗೆ ಬಂದು ಸೇರುತ್ತವೆ?" ಎಂದು ಟೆಸ್ಟಿನಲ್ಲಿ ಕೇಳಿದ್ದೆ. ಒಬ್ಬ ಮಹಾನುಭಾವ, "ಊಟದ ಮೂಲಕ. ನಮ್ಮ ಮನೆಯಲ್ಲಿ ಭಾನುವಾರ ಪಂದಿ ಕರಿ ಮಾಡುತ್ತಾರೆ" ಎಂದು ಶುರುಮಾಡಿ ಪುಟ ತುಂಬಿಸಿದ್ದ. ಹಂದಿ ಮಾಂಸಕ್ಕೆ ಕಾಚಂಪುಳಿಯ ಕಪ್ಪು ಹುಳಿರಸ ಯಾವಾಗ ಹಾಕಬೇಕೆಂಬುದೂ ಇತ್ತು! ಮೂರು ದಿನ ಗಂಟಲು ಹರಿದುಕೊಂಡವಳು ನಾನು. ಪುಟದಗಲ ಸೊನ್ನೆ ಸುತ್ತಿದೆ.

ಮರುದಿನ ಮೂರ್ನಾಡಿನಿಂದ ಅವನ ಅಪ್ಪ ಬಂದರು, ನನಗಿಂತ ಸಿಟ್ಟಿನಲ್ಲಿ.

"ಹುಡುಗ ಓದಲ್ಲ, ಒಪ್ಪಿದೆ ಮೇಡಂ. ಆದ್ರೆ ನನ್ನ ಹೆಂಡತಿಯ ಪಂದಿ ಕರಿಗೆ ಸೊನ್ನೆಯಾ? ನೀವು ತಿಂದು ನೋಡಿದ್ದೀರಾ?"

ಚುಕ್ಕೆ

ಪ್ರೊಜೆಕ್ಟರಿನಲ್ಲಿ ಮೈಕ್ರೋಸ್ಕೋಪಿನ ಫೋಟೋ ತೋರಿಸುತ್ತಿದ್ದೆ. ಜೀವಕೋಶದ ನಡುವೆ ಹೊಳೆಯುವ ಹಸಿರು ಚುಕ್ಕೆಗಳು. ಒಂದೊಂದೂ ಪ್ರೋಟೀನುಗಳು ಗುಂಪುಗೂಡಿದ ಜಾಗ. ಅಷ್ಟರಲ್ಲಿ ಪ್ರಿನ್ಸಿಪಾಲರು ಒಳಗೆ ಬಂದವರೇ ಕರ್ಚೀಫು ತೆಗೆದು ಪರದೆ ಉಜ್ಜತೊಡಗಿದರು.

"ಸರ್, ಅದು ಕೊಳೆಯಲ್ಲ, ಅದೇ ಪಾಠ!" ಕಿರುಚಿಯೇಬಿಟ್ಟೆ.

ಮಧ್ಯಾಹ್ನ ನೋಟಿಸ್ ಬಂತು: "ಜೀವಶಾಸ್ತ್ರ ವಿಭಾಗದವರು ಬೂಷ್ಟು ಹಿಡಿದ ಫೋಟೋಗಳನ್ನು ತೋರಿಸತಕ್ಕದ್ದಲ್ಲ."

ರಿಪೇರಿ

ಆ ವರ್ಷ ವಿಜ್ಞಾನ ಪ್ರದರ್ಶನದಲ್ಲಿ ನಮಗೆ ಬಹುಮಾನ ಬರಲಿಲ್ಲ. ಯಾಕೆಂದು ಕೇಳಿ.

ಇಬ್ಬರು ಹುಡುಗಿಯರು ಎರಡು ವಾರ ಕೂತು ಮಾಡಿದ ಮಾಡೆಲ್. ಬಣ್ಣದ ದಪ್ಪ ಹಗ್ಗವೇ ಡಿಎನ್‌ಎ. ನಡುವೆ ಕತ್ತರಿಸಿ, ಆ ಜಾಗದ ಸುತ್ತ ಪ್ರೋಟೀನುಗಳೆಂದು ಉಲನ್ ಉಂಡೆಗಳನ್ನು ಅಂಟಿಸಿದ್ದರು. ಊಟ ಮುಗಿಸಿ ಬಂದು ನೋಡುತ್ತೇವೆ, ಉಂಡೆಗಳು ಮಾಯ! ಹಗ್ಗಕ್ಕೆ ಬಿಗಿಯಾದ ಗಂಟು. ಪಕ್ಕದಲ್ಲಿ ನಮ್ಮ ಅಟೆಂಡರ್ ಪೊರಕೆ ಹಿಡಿದು ನಿಂತಿದ್ದ.

"ಹಗ್ಗ ತುಂಡಾಗಿತ್ತು ಮೇಡಂ. ಕಸ ಬೇರೆ ಅಂಟಿಕೊಂಡಿತ್ತು. ಗುಡಿಸಿ, ಗಂಟು ಹಾಕಿದೆ."

ಹುಡುಗಿಯರು ಅಳತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ಒಬ್ಬಳು ಕಣ್ಣೊರೆಸಿಕೊಂಡು, "ಸರ್, ಇದು ಡಿಎನ್‌ಎ. ಇಲ್ಲಿ ತುಂಡಾಗಿತ್ತು. ರಿಪೇರಿ ಮಾಡೋದಕ್ಕೆ ತುಂಬಾ ಪ್ರೋಟೀನುಗಳು ಬಂದು ಸೇರಬೇಕು" ಎಂದಳು.

"ಎಲ್ಲಿವೆಯಮ್ಮಾ, ಒಂದೂ ಕಾಣ್ತಾ ಇಲ್ಲವಲ್ಲ?"

ನಾನು ಬಾಯಿ ಬಿಡುವ ಮೊದಲೇ ಹಿಂದಿನಿಂದ ಅಟೆಂಡರ್ ದನಿ:

"ಅಷ್ಟೆಲ್ಲ ಜನ ಬೇಡ ಸಾರ್, ನಾನೊಬ್ಬನೇ ಸಾಕಾಯ್ತು!"